ಹಲಸಂಗಿ ಸೀಮೆಯ ರಾತ್ರಿ ರೈಲು ಪ್ರಯಾಣ

ಭೀಮಾ ನದಿಯ ದಕ್ಷಿಣಕ್ಕಿರುವ ಹಲಸಂಗಿ, ಇಂಡಿ, ಚಡಚಣ ಭಾಗದ ಜನರೂ ಅವರ ನೆರೆಯ ಸಿಂದಗಿ, ಬಸವನಬಾಗೇವಾಡಿ, ಮುದ್ದೇಬಿಹಾಳದವರೂ ಬೆಂಗಳೂರು, ಮೈಸೂರು, ಮಂಗಳೂರು, ಮುಂಬಯಿಗಳಿಗೆ ಸ್ಲೀಪರ್ ಬೋಗಿಯಲ್ಲಿ ಒಂದು ರಾತ್ರಿ ಮಲಗಿ ಹೋಗುವ ಪ್ರಯಾಣ. ವಿಜಯಪುರ ಜಿಲ್ಲೆಯ ಈ ಸೀಮೆ ರಾಜಧಾನಿಗೂ ದೂರ, ಕಡಲಿಗೂ ದೂರ. ವಿಜಯಪುರದಿಂದ ಹುಬ್ಬಳ್ಳಿಯ ಮೇಲೆ ಬೆಂಗಳೂರಿಗೆ ರೈಲಿನ ದಾರಿ ಸುಮಾರು 700 ಕಿ.ಮೀ. ಹಗಲಲ್ಲಿ ಕೂತು ಹೋದರೆ ಒಂದು ದಿನದ ಕೂಲಿ ಹೋಗುತ್ತದೆ, ಹೋದಲ್ಲಿ ಇಳಿದುಕೊಳ್ಳಲು ಕೋಣೆಯ ಖರ್ಚೂ ಬೀಳುತ್ತದೆ. ರಾತ್ರಿ ಮಲಗಿ ಹೋದವರಿಗೆ ಎರಡೂ ಉಳಿಯುತ್ತವೆ. ಆಸ್ಪತ್ರೆ, ಕೋರ್ಟು, ಪರೀಕ್ಷೆ, ಸಚಿವಾಲಯ ಎಂದು ದೊಡ್ಡ ಊರಿನ ಕೆಲಸ ಬಿದ್ದ ಬಡ ಮತ್ತು ಮಧ್ಯಮ ಮನೆತನಗಳು ಈ ಲೆಕ್ಕದ ಮೇಲೆಯೇ ರಾತ್ರಿ ಗಾಡಿಯನ್ನು ನಂಬಿವೆ.

ಕನ್ನಡ ಓದುಗರಿಗೆ ಹಲಸಂಗಿ ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಇವರ ಗೆಳೆಯರ ಗುಂಪು. ಬೀಸುವ ಕುಟ್ಟುವ ಹೆಣ್ಣುಮಕ್ಕಳ ಹಾಡುಗಳನ್ನು ಕೂಡಿಸಿ ಅವರು 1931ರಲ್ಲಿ ಹೊರತಂದದ್ದು ‘ಗರತಿಯ ಹಾಡು’. ಆದರೆ ಹೆಸರಾದ ಈ ಊರಿಗೆ ಸ್ವಂತ ರೈಲು ನಿಲ್ದಾಣವಿಲ್ಲ. ಸೋಲಾಪುರದ ಹತ್ತಿರದ ಹೋಟಗಿಯಿಂದ ಗದಗಕ್ಕೆ ಹೋಗುವ ಹಳಿ ಭೀಮಾ ನದಿಯನ್ನು ಸೇತುವೆಯ ಮೇಲೆ ದಾಟಿ ಲಚ್ಯಾಣ, ಇಂಡಿ ರೋಡ್, ಮಿಂಚನಾಳದ ಮೇಲೆ ವಿಜಯಪುರಕ್ಕೆ ಬರುತ್ತದೆ. ಇಂಡಿ ಕಡೆಯ ಹಳ್ಳಿಗಳವರು ಇಂಡಿ ರೋಡಿಗೋ ವಿಜಯಪುರಕ್ಕೋ, ಮುಂಬಯಿಗೆ ಹೊರಟರೆ ನೇರ ಸೋಲಾಪುರಕ್ಕೋ ಹೋಗಿ ಗಾಡಿ ಹತ್ತುತ್ತಾರೆ.

ಬರಗಾಲ ಹಾಸಿದ ಹಳಿ

ಈ ದಾರಿ ಹುಟ್ಟಿದ್ದು ಬರಗಾಲದಿಂದ. 1876ರಿಂದ 1878ರವರೆಗೆ ದಖ್ಖನ್ನಿನಲ್ಲಿ ದೊಡ್ಡ ಬರ ಬಿತ್ತು.  ಆಗ ಮುಂಬಯಿ–ಸೋಲಾಪುರ–ರಾಯಚೂರು ಹಳಿ ಇತ್ತು. ಸೋಲಾಪುರಕ್ಕೆ 1860ರಲ್ಲೇ ಗಾಡಿ ಬಂದಿತ್ತು, 1871ರಲ್ಲಿ ರಾಯಚೂರಿನ ಹತ್ತಿರ ಮದರಾಸಿನ ಹಳಿಯೂ ಬಂದು ಕೂಡಿತ್ತು. ಆದರೆ ಸೋಲಾಪುರಕ್ಕೆ ಬಂದಿಳಿದ ಕಾಳು ಭೀಮಾ ದಾಟಿ ಒಳನಾಡಿಗೆ ಬರಬೇಕಾದರೆ ಎತ್ತಿನ ಬಂಡಿಯೇ ಗತಿ. ಎತ್ತುಗಳೇ ಮೇವಿಲ್ಲದೆ ಸಾಯುತ್ತಿದ್ದ ಕಾಲದಲ್ಲಿ ಬಂಡಿ ಹೂಡುವವರು ಯಾರು? ಬರ ಮುಗಿದ ಮೇಲೆ ಸರ್ಕಾರ ಇಂಥ ಒಳನಾಡುಗಳಿಗೆ ಕ್ಷಾಮ ನಿವಾರಣೆಯ ಹಳಿಗಳನ್ನು ಹಾಕಿಸಲು ತೊಡಗಿತು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದ ನಡುವೆ ಹೋಟಗಿ–ವಿಜಯಪುರ–ಬಾಗಲಕೋಟೆ–ಗದಗ ಮಾರ್ಗವನ್ನು ಮೀಟರ್ ಗೇಜಿನಲ್ಲಿ ಹಾಸಿತು. ಕಲಾದಗಿಯಲ್ಲಿದ್ದ ಜಿಲ್ಲಾ ಕೇಂದ್ರ 1885ರಲ್ಲಿ ವಿಜಯಪುರಕ್ಕೆ ಬಂದದ್ದೂ ಇದೇ ಹೊತ್ತಿಗೆ.

ಕಾಳು ಒಳಗೆ ತರಲೆಂದು ಹಾಕಿದ ಹಳಿ ಮುಂದೆ ಜನರನ್ನು ಹೊರಗೆ ಒಯ್ಯತೊಡಗಿತು. ಮಳೆ ಕೈಕೊಟ್ಟ ವರ್ಷ ಹೊಲಕ್ಕೆ ಬೀಗ ಹಾಕಿದಂತೆ ಬಿಟ್ಟು ಗುಳೆ ಹೊರಟ ಮನೆತನಗಳು ಸೋಲಾಪುರದ ಗಿರಣಿಗಳಿಗೆ, ಪುಣೆ ಮುಂಬಯಿಗಳ ಕಟ್ಟಡ ಕೆಲಸಕ್ಕೆ ಇದೇ ದಾರಿಯಲ್ಲಿ ಹೋದವು. ಈ ಸೀಮೆಯ ರಾತ್ರಿ ಗಾಡಿಯ ಕಥೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ಇಲ್ಲಿ ರೈಲು ವಿಹಾರದ ಸಾಧನವಾಗಿ ಬಂದದ್ದಲ್ಲ, ಹಾಗೆ ಬೆಳೆದದ್ದೂ ಅಲ್ಲ.

ಕಂಪನಿ 1908ರಲ್ಲಿ ಮದ್ರಾಸ್ ಆ್ಯಂಡ್ ಸದರ್ನ್ ಮರಾಠಾ ರೈಲ್ವೆಯಾಯಿತು. ಸ್ವಾತಂತ್ರ್ಯದ ನಂತರ ಮಾರ್ಗ ದಕ್ಷಿಣ ರೈಲ್ವೆಗೆ, ಆಮೇಲೆ ದಕ್ಷಿಣ ಮಧ್ಯ ರೈಲ್ವೆಗೆ, 2003ರಿಂದ ಹುಬ್ಬಳ್ಳಿಯ ನೈಋತ್ಯ ರೈಲ್ವೆಗೆ ಸೇರಿತು. ಹೋಟಗಿ ಮತ್ತು ಸೋಲಾಪುರ ಮಧ್ಯ ರೈಲ್ವೆಯಲ್ಲಿವೆ. ಹಾಗಾಗಿ ನದಿ ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ರಾಜ್ಯವೂ ಬದಲು, ರೈಲ್ವೆ ವಲಯವೂ ಬದಲು. ಭಾಷೆ ಮಾತ್ರ ಅಲ್ಲಿ ಬದಲಾಗುವುದಿಲ್ಲ. ದಕ್ಷಿಣ ಸೋಲಾಪುರ, ಅಕ್ಕಲಕೋಟೆ, ಜತ್ತಿನ ಹಳ್ಳಿಗಳ ಕನ್ನಡ ಬೋಗಿಯೊಳಗೆ ಇಂಡಿಯ ಕನ್ನಡದ ಜೊತೆ ಬೆರೆತು ಸೋಲಾಪುರದವರೆಗೂ ಕೇಳುತ್ತದೆ.

ಗಾಡಿ ಬದಲಿಸುತ್ತಿದ್ದ ಕಾಲ

ಮೀಟರ್ ಗೇಜಿನ ಕಾಲಕ್ಕೆ ಮುಂಬಯಿಗೆ ಹೊರಟವರು ಸೋಲಾಪುರದಲ್ಲಿ ಇಳಿದು, ಗಂಟುಮೂಟೆ ಹೊತ್ತು, ಬ್ರಾಡ್‌ಗೇಜ್ ಗಾಡಿಯ ಪ್ಲಾಟ್‌ಫಾರ್ಮಿಗೆ ಹೋಗಬೇಕಿತ್ತು. ಸಣ್ಣ ಹಳಿಯ ಗಾಡಿ ತಡವಾದರೆ ದೊಡ್ಡ ಗಾಡಿ ತಪ್ಪಿ, ಇಡೀ ರಾತ್ರಿ ಪ್ಲಾಟ್‌ಫಾರ್ಮಿನ ಮೇಲೆಯೇ ಹಾಸಿಗೆ. ಆ ಪೀಳಿಗೆಯ ಹಿರಿಯರಿಗೆ ಸೋಲಾಪುರದ ನಿಲ್ದಾಣ ತವರಿನ ಅಂಗಳದಷ್ಟು ಪರಿಚಿತ.

ಕರ್ನಾಟಕದವರೇ ಆದ ಸಿ.ಕೆ. ಜಾಫರ್ ಷರೀಫ್ ರೈಲ್ವೆ ಸಚಿವರಾಗಿದ್ದಾಗ, 1992ರಲ್ಲಿ, ದೇಶದ ಹಳಿಗಳನ್ನೆಲ್ಲ ಒಂದೇ ಅಗಲಕ್ಕೆ ತರುವ ಯೂನಿಗೇಜ್ ಯೋಜನೆ ಹೊರಟಿತು. ಸೋಲಾಪುರ–ಗದಗ ಮಾರ್ಗದ ಪಾಳಿ ಬಂದು ಮುಗಿಯುವುದಕ್ಕೆ ಬಹಳ ವರ್ಷ ಹಿಡಿಯಿತು. ಮೊದಲು ಸೋಲಾಪುರದ ಕಡೆಯಿಂದ ವಿಜಯಪುರದವರೆಗೆ ಅಗಲ ಹಳಿ ಬಂತು. ಉಳಿದ ತುಂಡುಗಳು ಮುಗಿದು ಗದಗದವರೆಗೆ ದಾರಿ ಕೂಡಿದ್ದು 2008ರ ಸುಮಾರಿಗೆ. ನಡುವೆ ಗಾಡಿಗಳು ನಿಂತುಹೋದ ವರ್ಷಗಳಲ್ಲಿ ಜನ ಬಸ್ಸಿನ ರೂಢಿ ಮಾಡಿಕೊಂಡರು. ಹಾಗೆ ಹೋದವರಲ್ಲಿ ಎಷ್ಟೋ ಮಂದಿ ರೈಲಿಗೆ ಮರಳಲಿಲ್ಲ. ಈಚೆಗೆ ಹೋಟಗಿ–ಕೂಡಗಿ–ಗದಗ ನಡುವಿನ 284 ಕಿ.ಮೀ. ದಾರಿಗೆ ಜೋಡಿ ಹಳಿಯ ಕೆಲಸ ನಡೆಯಿತು. ಅದಕ್ಕೆ ಒತ್ತಡ ತಂದದ್ದು ಕೂಡಗಿಯ 2,400 ಮೆಗಾವಾಟ್ ಶಾಖೋತ್ಪನ್ನ ವಿದ್ಯುತ್ ಸ್ಥಾವರಕ್ಕೆ ಬರುವ ಕಲ್ಲಿದ್ದಲು. ಒಂಟಿ ಹಳಿಯಲ್ಲಿ ಎದುರು ಗಾಡಿಗಾಗಿ ಸಣ್ಣ ನಿಲ್ದಾಣಗಳಲ್ಲಿ ಕಾಯುತ್ತಿದ್ದ ಪ್ರಯಾಣಿಕರಿಗೂ ಅದರಿಂದ ಬಿಡುವು ಸಿಕ್ಕಿತು.

ಮೂರನೇ ದರ್ಜೆಯಿಂದ ಸ್ಲೀಪರಿಗೆ

ಬಡವರಿಗೆ ರೈಲಿನಲ್ಲಿ ಮಲಗುವ ಹಕ್ಕು ಸಿಕ್ಕಿದ್ದು ಬಹಳ ತಡವಾಗಿ. ಮೂರನೇ ದರ್ಜೆಯ ಪ್ರಯಾಣ ಎಂದರೆ ಮರದ ಬೆಂಚು, ತುಂಬಿದ ಡಬ್ಬಿ, ಕೂತಲ್ಲೇ ತೂಕಡಿಕೆ. ಅದರ ಹೊಲಸು, ನೂಕುನುಗ್ಗಲು, ಅಧಿಕಾರಿಗಳ ಅಲಕ್ಷ್ಯದ ಬಗ್ಗೆ ಗಾಂಧೀಜಿ 1917ರಲ್ಲೇ ಸಿಟ್ಟಿನಿಂದ ಬರೆದಿದ್ದರು. ಸ್ವಾತಂತ್ರ್ಯದ ನಂತರ ಮೂರನೇ ದರ್ಜೆಯಲ್ಲೂ ಮಲಗುವ ಬೋಗಿಗಳು ಬಂದವು. 1974ರಲ್ಲಿ ಆ ದರ್ಜೆಯ ಹೆಸರೇ ಹೋಗಿ ಎರಡನೇ ದರ್ಜೆಯಲ್ಲಿ ಸೇರಿತು. ಬರ್ತು ಮಾತ್ರ ಬರಿಯ ಹಲಗೆಯಾಗಿಯೇ ಉಳಿದಿತ್ತು. 1977ರಿಂದ 1979ರವರೆಗೆ ರೈಲ್ವೆ ಸಚಿವರಾಗಿದ್ದ ಸಮಾಜವಾದಿ ನಾಯಕ ಮಧು ದಂಡವತೆ ಎರಡನೇ ದರ್ಜೆಯ ಹಲಗೆಗಳಿಗೆ ಎರಡು ಇಂಚಿನ ಫೋಮ್ ಹಾಕಿಸಿದರು. ಮೊದಲ ದರ್ಜೆಯ ಸುಖವನ್ನು ಇಳಿಸದೆ ಎರಡನೇ ದರ್ಜೆಯ ಕಷ್ಟವನ್ನು ಇಳಿಸಬೇಕು ಎಂಬುದು ಅವರ ನಿಲುವು. ಭಾರತದ ರೈಲ್ವೆಯಲ್ಲಿ ಸಾಮಾನ್ಯ ಜನರ ಮೈಗೆ ನೇರವಾಗಿ ತಟ್ಟಿದ ಸುಧಾರಣೆಗಳಲ್ಲಿ ಇದಕ್ಕಿಂತ ದೊಡ್ಡದನ್ನು ಹುಡುಕುವುದು ಕಷ್ಟ.

ಈಗಿನ ಸ್ಲೀಪರ್ ಬೋಗಿಗೆ ಎಸಿ ಇಲ್ಲ, ಕಿಟಕಿ ತೆರೆಯಬಹುದು. ಹಳೆಯ ಮಾದರಿಯ ಬೋಗಿಯಲ್ಲಿ 72 ಬರ್ತು, ಹೊಸ ಎಲ್‌ಎಚ್‌ಬಿ ಬೋಗಿಯಲ್ಲಿ 80. ಎಂಟೆಂಟು ಬರ್ತಿಗೆ ಒಂದು ಖಾನೆ: ಎದುರುಬದುರು ಕೆಳಗೆ, ನಡುವೆ, ಮೇಲೆ ಎಂದು ಆರು, ಓಣಿಯ ಆಚೆ ಪಕ್ಕದಲ್ಲಿ ಮೇಲೊಂದು ಕೆಳಗೊಂದು. ಬರ್ತಿನ ನಂಬರನ್ನು ಎಂಟರಿಂದ ಭಾಗಿಸಿ ಉಳಿದದ್ದನ್ನು ನೋಡಿದರೆ ಜಾಗ ತಿಳಿಯುತ್ತದೆ: 1 ಮತ್ತು 4 ಕೆಳಗಿನವು, 2 ಮತ್ತು 5 ನಡುವಿನವು, 3 ಮತ್ತು 6 ಮೇಲಿನವು, 7 ಪಕ್ಕದ ಕೆಳಗಿನದು, ಏನೂ ಉಳಿಯದಿದ್ದರೆ ಪಕ್ಕದ ಮೇಲಿನದು. ನಡುವಿನ ಬರ್ತನ್ನು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮಾತ್ರ ಬಿಚ್ಚಬೇಕೆಂಬುದು ನಿಯಮ. ಮುದುಕರಿಗೆ ಕೆಳಗಿನದು ಬೇಕು, ಹುಡುಗರಿಗೆ ಮೇಲಿನದು ಪ್ರೀತಿ. ಪಕ್ಕದ ಬರ್ತಿನ ಉದ್ದ ಎತ್ತರದವರಿಗೆ ಸಾಲದು, ಬಾಗಿಲ ಹತ್ತಿರದ್ದಾದರೆ ನಿದ್ದೆಯ ಆಸೆ ಬಿಡಬೇಕು.

ಯಾವ ಗಾಡಿ, ಯಾವ ದಾರಿ

ಈ ಸೀಮೆಯ ರಾತ್ರಿ ಗಾಡಿಗಳಲ್ಲಿ ಹೆಸರಾದದ್ದು ಗೋಲಗುಂಬಜ್ ಎಕ್ಸ್‌ಪ್ರೆಸ್. ಮೈಸೂರಿನಿಂದ ಬೆಂಗಳೂರು, ಅರಸೀಕೆರೆ, ದಾವಣಗೆರೆ, ಹುಬ್ಬಳ್ಳಿ, ಗದಗ, ಬಾಗಲಕೋಟೆಯ ಮೇಲೆ ವಿಜಯಪುರ ಮುಟ್ಟಿ, ಭೀಮಾ ದಾಟಿ ಸೋಲಾಪುರಕ್ಕೆ ಹೋಗುತ್ತಿದ್ದ ಈ ಗಾಡಿಯನ್ನು ಆಮೇಲೆ ಪಂಢರಪುರದವರೆಗೆ ಮುಂದುವರಿಸಿದರು. ಬೆಂಗಳೂರಿನಲ್ಲಿ ಸಂಜೆ ಹತ್ತಿದವರಿಗೆ ತುಮಕೂರಿನ ಹೊತ್ತಿಗೆ ಊಟ, ಹುಬ್ಬಳ್ಳಿ ಬರುವಾಗ ಗಾಢ ನಿದ್ದೆ. ಹೊಳೆಆಲೂರಿನಲ್ಲಿ ಮಲಪ್ರಭೆ, ಬಾದಾಮಿಯ ಕೆಂಪು ಬಂಡೆ, ಆಲಮಟ್ಟಿಯ ಹತ್ತಿರ ಕೃಷ್ಣೆಯ ವಿಸ್ತಾರದ ನೀರು, ಆಮೇಲೆ ಮೂಡಣ ಬಿಸಿಲಲ್ಲಿ ಡೋಣಿ ನದಿಯ ಸೀಮೆಯ ಕರಿ ಎರೆ. ವಿಜಯಪುರ ನಿಲ್ದಾಣದ ಸಮೀಪ ಗೋಲಗುಂಬಜ್ ಕಾಣುತ್ತಲೇ ಬೋಗಿಯಲ್ಲಿ ಚೀಲ ಇಳಿಸುವ ಸಪ್ಪಳ ಶುರು. ಹಗಲು ಹೊತ್ತಿನ ಈ ಕೊನೆಯ ಭಾಗ ಕರ್ನಾಟಕದ ರೈಲು ದಾರಿಗಳಲ್ಲೇ ನೋಡತಕ್ಕ ತುಂಡುಗಳಲ್ಲಿ ಒಂದು; ಮಲಗಿದ್ದವರು ಬಾದಾಮಿಗೆ ಮುಂಚೆ ಎದ್ದರೆ ಒಳ್ಳೆಯದು.

ಬಸವ ಎಕ್ಸ್‌ಪ್ರೆಸ್ಸಿನ ದಾರಿ ಬೇರೆ. ಮೈಸೂರು, ಬೆಂಗಳೂರು ಬಿಟ್ಟು ಆಂಧ್ರದ ಗುಂತಕಲ್ಲು, ಅದೋನಿ, ಮಂತ್ರಾಲಯಂ ರೋಡ್ ಮೇಲೆ ರಾಯಚೂರು, ವಾಡಿ, ಕಲಬುರ್ಗಿಗೆ ಬಂದು, ಮತ್ತೆ ಮಹಾರಾಷ್ಟ್ರದ ಸೋಲಾಪುರದ ಕಡೆ ಹೋಗಿ, ಹೋಟಗಿಯ ಹಳಿಯಲ್ಲಿ ಭೀಮಾ ದಾಟಿ ವಿಜಯಪುರ, ಬಾಗಲಕೋಟೆ ಸೇರುತ್ತದೆ. ಎರಡು ಸಲ ನಾಡು ಬಿಟ್ಟು ಎರಡು ಸಲ ನಾಡಿಗೆ ಬರುವ ಗಾಡಿ. ದಕ್ಷಿಣದ ತುಂಡು ಅಗಲವಾಗದೆ ಇದ್ದಾಗ ಬೆಂಗಳೂರಿನ ಬ್ರಾಡ್‌ಗೇಜ್ ಗಾಡಿ ವಿಜಯಪುರ ಮುಟ್ಟಲು ಇದ್ದ ದಾರಿ ಇದೊಂದೇ. ಈಗಲೂ ವಿಜಯಪುರದ ಪ್ಲಾಟ್‌ಫಾರ್ಮಿನಲ್ಲಿ ಬೆಂಗಳೂರಿಗೆ ಉತ್ತರದ ಕಡೆ ಹೊರಡುವ ಗಾಡಿಯೂ ಇದೆ, ದಕ್ಷಿಣದ ಕಡೆ ಹೊರಡುವ ಗಾಡಿಯೂ ಇದೆ. ಹೊಸಬರು ಬೋರ್ಡು ನೋಡಿ, ಕೇಳಿ ಹತ್ತುವುದು ಲೇಸು.

ಮುಂಬಯಿಯ ಗಾಡಿ ಮೊದಲು ಗದಗದವರೆಗಿದ್ದು ಈಗ ಹೊಸಪೇಟೆಯಿಂದ ಹೊರಡುತ್ತದೆ. ವಿಜಯಪುರ, ಸೋಲಾಪುರ, ಪುಣೆಯ ಮೇಲೆ ಬೆಳಗಾಗುವಾಗ ಮುಂಬಯಿ. ಅದರಲ್ಲಿ ಜಾಗ ಸಿಗದವರು ಸೋಲಾಪುರಕ್ಕೆ ಹೋಗಿ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹಿಡಿಯುತ್ತಾರೆ. ಈ ಗಾಡಿಗೆ ಹೆಸರು ಕೊಟ್ಟವರು ಸೊನ್ನಲಿಗೆಯ, ಅಂದರೆ ಈಗಿನ ಸೋಲಾಪುರದ, ಸಿದ್ಧರಾಮರು, ಹನ್ನೆರಡನೇ ಶತಮಾನದ ಕನ್ನಡ ವಚನಕಾರರು. ಬಸವನಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಹೆಸರಿನ ಗಾಡಿ ಒಂದು ಕಡೆ, ಸೊನ್ನಲಿಗೆಯ ಸಿದ್ಧರಾಮನ ಹೆಸರಿನ ಗಾಡಿ ಇನ್ನೊಂದು ಕಡೆ. ಸೀಮೆಯ ಇಬ್ಬರು ಶರಣರ ಹೆಸರಲ್ಲೇ ಇಲ್ಲಿಯ ಜನ ಎರಡು ಮಹಾನಗರಗಳಿಗೆ ಹೋಗುತ್ತಾರೆ.

2019ರ ಕೊನೆಗೆ ಶುರುವಾದ ವಿಜಯಪುರ–ಮಂಗಳೂರು ಗಾಡಿ ಬೇರೆಯೇ ಒಂದು ಬಾಗಿಲು ತೆರೆಯಿತು. ಹುಬ್ಬಳ್ಳಿ, ಹಾಸನದ ಮೇಲೆ ಹೋಗಿ, ಸಕಲೇಶಪುರ ಮತ್ತು ಸುಬ್ರಹ್ಮಣ್ಯ ರೋಡ್ ನಡುವಿನ ಘಟ್ಟದಲ್ಲಿ 57 ಸುರಂಗಗಳನ್ನು ಹಾಯ್ದು ಕರಾವಳಿಗೆ ಇಳಿಯುತ್ತದೆ. ಕರಾವಳಿಯ ಕಟ್ಟಡಗಳಲ್ಲಿ ದುಡಿಯುವ ವಿಜಯಪುರ, ಬಾಗಲಕೋಟೆಯ ಕಡೆಯ ಗೌಂಡಿಗಳು, ಕೂಲಿಗಳು, ಅಲ್ಲಿಯ ಕಾಲೇಜುಗಳಲ್ಲಿ ಓದುವ ಮಕ್ಕಳು, ಆಸ್ಪತ್ರೆಗೆ ಹೋಗುವ ರೋಗಿಗಳು ಇದರ ಒಕ್ಕಲು.

ಬೋಗಿಯೊಳಗೆ

ಸ್ಲೀಪರ್ ದರ್ಜೆಯಲ್ಲಿ ರೈಲ್ವೆ ಹಾಸಿಗೆ ಹೊದಿಕೆ ಕೊಡುವುದಿಲ್ಲ, ಅದು ಎಸಿಯವರಿಗೆ. ಈ ಭಾಗದವರಿಗೆ ಅದೊಂದು ಕೊರತೆಯೂ ಅಲ್ಲ. ದೇಶಕ್ಕೆಲ್ಲ ಹೆಸರಾದ ಸೋಲಾಪುರದ ಚಾದರ ಮನೆಮನೆಯಲ್ಲಿದೆ. ದಪ್ಪ ನೂಲು, ಎರಡೂ ಮಗ್ಗುಲಲ್ಲಿ ಚಿತ್ತಾರ. ಕೆಳಗೆ ಹಾಸಿದರೆ ಹಾಸಿಗೆ, ಮೇಲೆ ಹೊದ್ದರೆ ಹೊದಿಕೆ, ಮೂಲೆ ಕಟ್ಟಿದರೆ ಗಂಟು. ಕೂಸು ಇದ್ದ ಮನೆಯವರು ಹಳೆಯ ಸೀರೆಯ ಕೌದಿ ತರುತ್ತಾರೆ. ಮಾಘದ ಚಳಿಯಲ್ಲಿ ಕಿಟಕಿಯ ಸಂದಿನಿಂದ ನುಗ್ಗುವ ಗಾಳಿಗೆ ಅದೇ ಆಸರೆ. ಬೇಸಿಗೆಯ ಕಥೆ ಕಷ್ಟದ್ದು. ಏಪ್ರಿಲ್, ಮೇ ತಿಂಗಳಲ್ಲಿ ಹಗಲೆಲ್ಲ ಕಾದ ಬೋಗಿಯ ತಗಡು ಮಧ್ಯರಾತ್ರಿಯವರೆಗೂ ಆರುವುದಿಲ್ಲ. ಮೇಲಿನ ಬರ್ತಿನವರಿಗೆ ಫ್ಯಾನ್ ಇದ್ದೂ ಇಲ್ಲದಂತೆ. ನೀರಿನ ತತ್ರಾಣಿ ಹೋಗಿ ಬಾಟಲಿ ಬಂದಿದೆ, ಒದ್ದೆ ಟವೆಲ್ ಮಾತ್ರ ಉಳಿದಿದೆ.

ಬುತ್ತಿ ಈ ಪ್ರಯಾಣದ ಜೀವ. ಕಟಿ ರೊಟ್ಟಿ ಒಂದು ವಾರ ಇಟ್ಟರೂ ಕೆಡದು. ಅದರ ಜೊತೆ ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳ ಚಟ್ನಿ, ಗಟ್ಟಿ ಮೊಸರು, ಉಳ್ಳಾಗಡ್ಡಿ, ಇಂಡಿ ಲಿಂಬೆಯ ಉಪ್ಪಿನಕಾಯಿ. ಇಂಡಿಯ ಲಿಂಬೆಗೆ 2023ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಸಿಕ್ಕಿತು. ಅದಕ್ಕೂ ಎಷ್ಟೋ ಮೊದಲೇ ಅದು ಚೀಲ ಚೀಲವಾಗಿ ನೆಂಟರ ಮನೆಗಳಿಗೆ ರೈಲಿನಲ್ಲಿ ಹೋಗುತ್ತಿತ್ತು. ಹಬ್ಬ ಮುಗಿಸಿ ಹೊರಟವರ ಗಂಟಿನಲ್ಲಿ ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಬುತ್ತಿ ಬಿಚ್ಚಿದವರು ಎದುರಿನವರನ್ನು ಕರೆಯದೆ ಉಣ್ಣುವುದು ಇಲ್ಲಿ ರೂಢಿಯಲ್ಲ. “ಒಂದ್ ತುತ್ತ್ ತಗೋರಿ ಯಕ್ಕಾ” ಎಂದರೆ “ನಮ್ದೂ ಐತ್ರೀ, ನೀವ ಇದನ್ನ ರುಚಿ ನೋಡ್ರಿ” ಎಂಬ ಉತ್ತರ ಬರುತ್ತದೆ. ರೊಟ್ಟಿ ಆ ಕಡೆ, ಚಟ್ನಿ ಈ ಕಡೆ. ಅಪರಿಚಿತರು ಕೊಟ್ಟದ್ದನ್ನು ತಿನ್ನಬೇಡಿ ಎಂಬ ರೈಲ್ವೆಯ ಎಚ್ಚರಿಕೆ ಸುಳ್ಳಲ್ಲ, ಅಮಲು ಬರಿಸುವ ಕಳ್ಳರು ದೊಡ್ಡ ಮಾರ್ಗಗಳಲ್ಲಿ ಇದ್ದಾರೆ. ಹಿರಿಯರು ಊರು, ಮನೆತನ, ನೆಂಟಸ್ತಿಕೆ ಎಲ್ಲ ಕೇಳಿದ ಮೇಲೆಯೇ ಬುತ್ತಿ ಬಿಚ್ಚುವುದರಲ್ಲಿ ಆ ಎಚ್ಚರವೂ ಅಡಗಿದೆ.

ಬರ್ತಿನ ಹಂಚಿಕೆ ನಂಬರಿನಷ್ಟೇ ಮಾತಿನ ಮೇಲೂ ನಿಂತಿದೆ. “ಅಣ್ಣಾರ, ನಮ್ಮವ್ವಗ ಮ್ಯಾಲ ಹತ್ತಾಕ ಆಗಂಗಿಲ್ರಿ” ಎಂದರೆ ಇಲ್ಲವೆನ್ನುವವರು ಕಡಿಮೆ. ಸೋಲಾಪುರ, ವಿಜಯಪುರ, ಬಾಗಲಕೋಟೆಗಳ ನಡುವೆ ಹಗಲಲ್ಲಿ ಜನರಲ್ ತಿಕೀಟಿನವರೂ ಸ್ಲೀಪರ್ ಬೋಗಿಗೆ ಹತ್ತುತ್ತಾರೆ. “ಸ್ವಲ್ಪ ಸರೀರಿ ಕಾಕಾ” ಎಂದು ಮೂವರ ಜಾಗದಲ್ಲಿ ಐವರು ಕೂರುತ್ತಾರೆ. ನಿಯಮದ ಪ್ರಕಾರ ಇದು ತಪ್ಪು. ಕಾಯ್ದಿರಿಸಿದ ಹಣ ಕೊಟ್ಟವರಿಗೆ, ಅದರಲ್ಲೂ ಒಬ್ಬರೇ ಹೊರಟ ಹೆಣ್ಣುಮಕ್ಕಳಿಗೆ ಇದರಿಂದ ಆಗುವ ತೊಂದರೆ ಸಣ್ಣದಲ್ಲ. ಜನರಲ್ ಬೋಗಿಗಳು ಸಾಕಷ್ಟು ಇಲ್ಲದಿರುವುದೇ ಇದರ ಮೂಲ. ತೊಂದರೆಯಾದರೆ 139ಕ್ಕೆ ಕರೆ ಮಾಡಬಹುದು.

ದೀಪ ಆರಿದ ಮೇಲೆ ಚೀಲಕ್ಕೆ ಸರಪಳಿ ಹಾಕಿ ಬರ್ತಿನ ಕೆಳಗಿನ ಕೊಂಡಿಗೆ ಬೀಗ. ರೊಕ್ಕ ಸೊಂಟದಲ್ಲಿ, ಚಪ್ಪಲಿ ತಲೆಯ ಹತ್ತಿರ. ಬೆಳಗಿನ ಜಾವ ಇಳಿಯುವವರು ಮೊಬೈಲಿನಲ್ಲಿ ಅಲಾರಂ ಇಟ್ಟರೂ ಪಕ್ಕದವರಿಗೆ ಒಂದು ಮಾತು ಹೇಳಿಯೇ ಮಲಗುತ್ತಾರೆ.

ಯಾರು, ಯಾವಾಗ

ಹೋಗುವವರ ಮುಖ ತಿಂಗಳಿಗೊಂದು ಬಗೆ. ಆಷಾಢ ಮತ್ತು ಕಾರ್ತಿಕ ಏಕಾದಶಿಗೆ ಪಂಢರಪುರದ ಗಾಡಿಯಲ್ಲಿ ತಾಳ, ತುಳಸಿಮಾಲೆ, ವಿಠ್ಠಲನ ಹೆಸರು. ಸಂಕ್ರಾಂತಿಗೆ ವಿಜಯಪುರದಲ್ಲೂ ಸೋಲಾಪುರದಲ್ಲೂ ಸಿದ್ಧೇಶ್ವರ ಜಾತ್ರೆ. ದೂರದ ಊರಲ್ಲಿ ದುಡಿಯುವವರು ಊರಿಗೆ ಮರಳುವ ಕಾಲ ಅದು. ನಾಗರಪಂಚಮಿಗೆ ತವರಿಗೆ ಬರುವ ಹೆಣ್ಣುಮಕ್ಕಳು. ಮುಂಗಾರು ಸುಳ್ಳಾದ ವರ್ಷ ಬೇರೆ ನೋಟ: ಪಾತ್ರೆ, ಸ್ಟೋವ್, ಕೂಸು, ಮುದುಕಿಯನ್ನು ಕಟ್ಟಿಕೊಂಡು ಹೊರಟ ಮನೆತನಗಳು. ಅವರಲ್ಲಿ ಬಹಳ ಮಂದಿಗೆ ಸ್ಲೀಪರ್ ತಿಕೀಟೂ ಕೈಗೆಟುಕದು. ಜನರಲ್ ಬೋಗಿಯ ಬಾಗಿಲ ಹತ್ತಿರವೇ ರಾತ್ರಿ ಕಳೆಯುತ್ತಾರೆ. ಈ ಲೇಖನ ಹೇಳುವ ಪ್ರಯಾಣ ಅವರದಲ್ಲ ಎಂದು ಬಿಟ್ಟುಬಿಡುವುದು ನ್ಯಾಯವಲ್ಲ, ಏಕೆಂದರೆ ಈ ಹಳಿ ಹುಟ್ಟಿದ್ದೇ ಅವರ ಹಿರಿಯರ ಹಸಿವಿನಿಂದ.

ಒಂದು ಬೇರೆಯ ಬಗೆಯ ಪ್ರಯಾಣವನ್ನೂ ಇಲ್ಲಿ ನೆನೆಯಬೇಕು. ಮಧುರಚೆನ್ನರ ಮನಸ್ಸನ್ನು ಪಾಂಡಿಚೇರಿಯ ಅರವಿಂದರು ಸೆಳೆದರು. ಭೀಮಾ ದಂಡೆಯ ಒಂದು ಹಳ್ಳಿಗೂ ದೂರದ ಕಡಲ ದಂಡೆಯ ಒಂದು ಆಶ್ರಮಕ್ಕೂ ನಂಟು ಬೆಳೆದದ್ದು ಅಂಚೆ ಮತ್ತು ರೈಲು ಇದ್ದ ಕಾಲದ ಸಾಧ್ಯತೆ.

ತಿಕೀಟು

2024ರ ನವೆಂಬರ್ 1ರಿಂದ ಮುಂಗಡ ಕಾಯ್ದಿರಿಸುವ ಅವಧಿ 60 ದಿನ. ಮೊದಲು 120 ದಿನ ಇತ್ತು. ಸ್ಲೀಪರ್ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 11ಕ್ಕೆ ತೆರೆಯುತ್ತದೆ. ಸ್ಲೀಪರಿನ ದರ ಇಷ್ಟು ದೂರಕ್ಕೆ ಮೂರು ಹಂತದ ಎಸಿಯ ದರದ ಅರ್ಧಕ್ಕಿಂತ ಕಡಿಮೆ. ನಡುವಿನ ನಿಲ್ದಾಣಗಳಿಂದ ತೆಗೆಸಿದ ವೇಟಿಂಗ್ ಲಿಸ್ಟ್ ಖಾತ್ರಿಯಾಗುವುದು ಕಷ್ಟ. ಆದ್ದರಿಂದ ಅನುಭವಿಗಳು ಗಾಡಿ ಹೊರಡುವ ಊರಿನಿಂದಲೇ ತಿಕೀಟು ತೆಗೆಸಿ, ಹತ್ತುವ ನಿಲ್ದಾಣವನ್ನು ಮಾತ್ರ ಬದಲಿಸಿಕೊಳ್ಳುತ್ತಾರೆ. ಆರ್‌ಎಸಿ ಬಂದರೆ ಪಕ್ಕದ ಕೆಳಗಿನ ಬರ್ತಿನಲ್ಲಿ ಇಬ್ಬರು ಕೂರಬೇಕು. ಹಿರಿಯರಿಗೆ, 45 ದಾಟಿದ ಹೆಣ್ಣುಮಕ್ಕಳಿಗೆ, ಗರ್ಭಿಣಿಯರಿಗೆ ಕೆಳಗಿನ ಬರ್ತಿನ ಮೀಸಲು ಇದೆ. ಹಿರಿಯ ನಾಗರಿಕರ ದರ ರಿಯಾಯಿತಿ 2020ರ ಮಾರ್ಚ್‌ನಲ್ಲಿ ಕೋವಿಡ್ ನೆಪದಲ್ಲಿ ನಿಂತದ್ದು ಮತ್ತೆ ಬರಲಿಲ್ಲ. ಪಂಢರಪುರಕ್ಕೆ, ಮಕ್ಕಳಿರುವ ಊರಿಗೆ ಹೋಗಬೇಕಾದ ಹಳ್ಳಿಯ ಮುದುಕ ಮುದುಕಿಯರಿಗೆ ಇದು ನಿಜವಾದ ಪೆಟ್ಟು. ಅದನ್ನು ಮರಳಿ ಕೊಡುವುದೇ ಸರಿ.

ಹಳಿ ಮುಟ್ಟದ ತಾಲ್ಲೂಕುಗಳು

ಹೆಸರಿನಲ್ಲಿ ‘ರೋಡ್’ ಇರುವ ನಿಲ್ದಾಣಗಳು ಊರಿಗೆ ದೂರ. ಬಸವನಬಾಗೇವಾಡಿ ರೋಡ್ ನಿಲ್ದಾಣ ಇರುವುದು ತೆಲಗಿಯ ಹತ್ತಿರ. ಮುದ್ದೇಬಿಹಾಳದವರು ಆಲಮಟ್ಟಿಗೆ ಬರಬೇಕು. ಸಿಂದಗಿಯವರಿಗೆ ವಿಜಯಪುರ, ಇಂಡಿ ರೋಡ್, ಕಲಬುರ್ಗಿ ಯಾವುದೂ ಹತ್ತಿರವಲ್ಲ. ಆಲಮಟ್ಟಿಯಿಂದ ಮುದ್ದೇಬಿಹಾಳದ ಮೇಲೆ ಯಾದಗಿರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಬಹಳ ಹಳೆಯದು. ಅದು ಆಗುವವರೆಗೆ ಈ ತಾಲ್ಲೂಕುಗಳ ರಾತ್ರಿ ಗಾಡಿಯ ಪ್ರಯಾಣ ಮಧ್ಯಾಹ್ನದ ಬಸ್ಸಿನಿಂದಲೇ ಶುರುವಾಗುತ್ತದೆ. ಹೀಗಾಗಿ ಮನೆಯ ಸಮೀಪವೇ ಹತ್ತಿಸಿಕೊಂಡು ಬೆಂಗಳೂರಿಗೆ ಒಯ್ಯುವ ಸ್ಲೀಪರ್ ಬಸ್ಸುಗಳು ಇಲ್ಲಿ ಬೆಳೆದಿವೆ. ರಸ್ತೆಯ ದಾರಿ ರೈಲಿಗಿಂತ ಗಿಡ್ಡ, ಹೊತ್ತೂ ಕಡಿಮೆ. ಆದರೆ ಬಸ್ಸಿನಲ್ಲಿ ಶೌಚಾಲಯವಿಲ್ಲ, ಎದ್ದು ಅಡ್ಡಾಡಲು ಜಾಗವಿಲ್ಲ, ಹಬ್ಬ ಬಂದರೆ ದರ ಏರುತ್ತದೆ. ಬಾಣಂತಿ, ರೋಗಿ, ಮುದುಕರಿದ್ದ ಮನೆಯವರು ಬಸ್ಸಿನ ದಾರಿ ಬಿಟ್ಟು ಆಲಮಟ್ಟಿಗೋ ವಿಜಯಪುರಕ್ಕೋ ಬಂದು ಗಾಡಿ ಕಾಯುವುದು ಇದಕ್ಕಾಗಿ.

ಈಚಿನ ವರ್ಷಗಳಲ್ಲಿ ದೇಶದ ಹಲವು ಗಾಡಿಗಳಲ್ಲಿ ಸ್ಲೀಪರ್ ಬೋಗಿಗಳನ್ನು ಕಳಚಿ ಮೂರು ಹಂತದ ಎಸಿ ಬೋಗಿಗಳನ್ನು ಜೋಡಿಸಿದ್ದಾರೆ. ಆದಾಯದ ದೃಷ್ಟಿಯಿಂದ ಅದಕ್ಕೆ ಕಾರಣವಿದೆ. ಭೀಮಾ, ಡೋಣಿ ಸೀಮೆಯಂಥ ಮಳೆಯಾಧಾರಿತ ನಾಡಿನ ಗಾಡಿಗಳಿಗೆ ಈ ಲೆಕ್ಕ ಒಪ್ಪುವುದಿಲ್ಲ. ಇಲ್ಲಿ ಕಳಚಿದ ಒಂದು ಸ್ಲೀಪರ್ ಬೋಗಿಯ ಪ್ರಯಾಣಿಕರು ಎಸಿಗೆ ಏರುವುದಿಲ್ಲ. ಜನರಲ್ ಬೋಗಿಗೆ ಇಳಿಯುತ್ತಾರೆ, ಅಲ್ಲಿ 700 ಕಿ.ಮೀ. ನಿಂತು ಹೋಗುತ್ತಾರೆ.